ಆಂಟೆನಾದಲ್ಲಿ ಬರುವ ಡಿಜಿಟಲ್ ಟಿವಿಗೆ ಮತ್ತೊಂದು ಹೊಸ ಪ್ರಸಾರ ಮಾನದಂಡ ಬೇಕೇ?

ಪ್ರಶ್ನೆ: ಮಧುಗಿರಿಯ ಓದುಗ

ಮಾನ್ಯರೇ, ಪ್ರಸಾರ ತಂತ್ರಜ್ಞಾನ ನನ್ನ ವೃತ್ತಿಯಲ್ಲ, ಆಸಕ್ತಿಯಿಂದ ಓದಿಕೊಂಡು ಬಂದಿದ್ದೇನೆ. ದೂರದರ್ಶನವು 2016ರಲ್ಲಿ ಬೆಂಗಳೂರು ಸೇರಿದಂತೆ ದೇಶದ ಹದಿನಾರು ನಗರಗಳಲ್ಲಿ ಡಿವಿಬಿ-ಟಿ2 ಎಂಬ ಮಾನದಂಡದಲ್ಲಿ ಡಿಜಿಟಲ್ ಭೂತಲ ಪ್ರಸಾರವನ್ನು (ಉಪಗ್ರಹದಿಂದಲ್ಲದೆ ನೆಲದ ಮೇಲಿನ ಟವರ್‌ನಿಂದ ಬರುವ ಪ್ರಸಾರ) ಪ್ರಕಟಿಸಿತು. ಅದಾದ ಮೇಲೆ, ಆಯಕಟ್ಟಿನ ಜಾಗಗಳಲ್ಲಿರುವ ಸುಮಾರು ಐವತ್ತನ್ನು ಬಿಟ್ಟು ಉಳಿದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನೆಲ್ಲ 2022ರ ಮಾರ್ಚ್ ಒಳಗೆ ನಿಲ್ಲಿಸುವುದಾಗಿ ಪ್ರಸಾರ ಭಾರತಿ ತಿಳಿಸಿತು. ಈಗ ‘ಮೊಬೈಲ್‌ಗೆ ನೇರ ಪ್ರಸಾರ’, ಅಂದರೆ ಡಿ2ಎಂ, ಎಂಬ ಹೆಸರಿನಲ್ಲಿ ಎಟಿಎಸ್‌ಸಿ 3.0 ಎಂಬ ಬೇರೊಂದು ಮಾನದಂಡದ ಮಾತು ಕೇಳಿಬರುತ್ತಿದೆ. ಹತ್ತೊಂಬತ್ತು ನಗರಗಳಲ್ಲಿ ಇದರ ಪ್ರಯೋಗ ನಡೆಸುವುದಾಗಿ 2024ರ ಜನವರಿಯಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕಾರ್ಯದರ್ಶಿಯವರೇ ಹೇಳಿದ್ದರು.

ಮೊದಲನೆಯದು ನಮ್ಮ ತಾಲ್ಲೂಕನ್ನು ಮುಟ್ಟುವ ಮೊದಲೇ ಎರಡನೆಯದರ ಚರ್ಚೆ ಶುರುವಾಗಿರುವುದು ನನಗೆ ಅರ್ಥವಾಗುತ್ತಿಲ್ಲ. ಡಿವಿಬಿ-ಟಿ2ರಿಂದ ಆಗದ ಯಾವ ಕೆಲಸವನ್ನು ಹೊಸ ಮಾನದಂಡ ಮಾಡಿಕೊಡುತ್ತದೆ? ಬೆಂಗಳೂರಿನಿಂದ ದೂರವಿರುವ, ಬೆಟ್ಟಗುಡ್ಡಗಳ ನಡುವಿನ ನಮ್ಮಂಥ ಊರುಗಳಿಗೆ ಅದರಿಂದ ಏನಾದರೂ ಪ್ರಯೋಜನವಿದೆಯೇ? ಮನೆಗೆ ಹೊಸ ಟಿವಿ ತರುವ ಯೋಚನೆಯಿದೆ. ಹೊಸ ಮಾನದಂಡ ಬರುವವರೆಗೆ ಕಾಯುವುದು ಉಚಿತವೇ ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1: ನಿವೃತ್ತ ಪ್ರಸಾರ ತಂತ್ರಜ್ಞ, ತುಮಕೂರು

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕ ಹೊಸದಕ್ಕೆ ಹೋಗುತ್ತಿದೆ, ಆದ್ದರಿಂದ ನಾವೂ ಹೋಗಬೇಕು ಎಂಬ ವಾದವನ್ನು ಪತ್ರಿಕೆಗಳಲ್ಲಿ ಓದುವಾಗಲೆಲ್ಲ ನನಗೆ ಅನ್ನಿಸುವುದು, ಅವರು ಯಾವುದನ್ನು ಬಿಟ್ಟು ಹೋಗುತ್ತಿದ್ದಾರೆ ಎಂಬುದನ್ನು ಯಾರೂ ನೋಡುತ್ತಿಲ್ಲವೆಂದು. ಅಮೆರಿಕ 1996ರ ಕೊನೆಯಲ್ಲಿ ಒಪ್ಪಿಕೊಂಡ ಮೊದಲ ಎಟಿಎಸ್‌ಸಿ ಒಂದೇ ವಾಹಕದ (ಮಾಹಿತಿಯನ್ನು ಹೊತ್ತೊಯ್ಯುವ ಅಲೆಯ) ಮೇಲೆ ಎಲ್ಲ ಬಿಟ್‌ಗಳನ್ನೂ ಹೇರುವ ಪದ್ಧತಿ. ಚಿತ್ರಕ್ಕೆ ಎಂಪೆಗ್-2 ಸಂಕೋಚನ, 6 ಮೆಗಾಹರ್ಟ್ಜ್ ಅಗಲದ ಚಾನೆಲ್ಲಿನಲ್ಲಿ ಸೆಕೆಂಡಿಗೆ 19.39 ಮೆಗಾಬಿಟ್. ಕಟ್ಟಡಕ್ಕೋ ಬೆಟ್ಟಕ್ಕೋ ಬಡಿದು ತಡವಾಗಿ ಬಂದು ಸೇರುವ ಪ್ರತಿಫಲಿತ ಅಲೆಗಳನ್ನು ತಾಳಿಕೊಳ್ಳುವುದರಲ್ಲಿ ಅದು ಮೊದಲಿನಿಂದಲೂ ದುರ್ಬಲ. ಚಲಿಸುವ ವಾಹನದಲ್ಲಿ ಅದನ್ನು ನಂಬುವಂತಿಲ್ಲ. ಅಂಥದ್ದನ್ನು ಇಟ್ಟುಕೊಂಡವರಿಗೆ ಎಟಿಎಸ್‌ಸಿ 3.0 ದೊಡ್ಡ ಜಿಗಿತವೇ ಸರಿ, ಮತ್ತು ಅಲ್ಲಿನ ಸಂಪರ್ಕ ಆಯೋಗ 2017ರ ನವೆಂಬರ್‌ನಲ್ಲಿ ಅದಕ್ಕೆ ಅನುಮತಿ ಕೊಟ್ಟದ್ದರಲ್ಲಿ ಆಶ್ಚರ್ಯವೂ ಇಲ್ಲ.

ನಮ್ಮಲ್ಲಿ ಬಂದದ್ದು ಡಿವಿಬಿ-ಟಿ2. ಇದು 2009ರ ಹೊತ್ತಿಗೆ ರೂಪುಗೊಂಡ, ಎರಡನೆಯ ತಲೆಮಾರಿನ ಮಾನದಂಡ. ಸಾವಿರಾರು ಉಪವಾಹಕಗಳ ಮೇಲೆ ಬಿಟ್‌ಗಳನ್ನು ಹಂಚುವುದು, ಎಲ್‌ಡಿಪಿಸಿ ಎಂಬ ಪ್ರಬಲವಾದ ದೋಷ ತಿದ್ದುವ ಸಂಕೇತವನ್ನು ಬಳಸುವುದು, ಒಂದೇ ಚಾನೆಲ್ಲಿನಲ್ಲಿ ಗಟ್ಟಿಯಾದ ಮತ್ತು ತೆಳುವಾದ ಬೇರೆಬೇರೆ ರಕ್ಷಣೆಯ ಹರಿವುಗಳನ್ನು ಕಳುಹಿಸುವುದು, ಇವೆಲ್ಲ ಅದರಲ್ಲಿ ಈಗಾಗಲೇ ಇವೆ. ಬ್ರಿಟನ್ನಿನವರು 8 ಮೆಗಾಹರ್ಟ್ಜ್ ಚಾನೆಲ್ಲಿನಲ್ಲಿ ಇದರಿಂದ 40.2 ಮೆಗಾಬಿಟ್ ತೆಗೆಯುತ್ತಿದ್ದಾರೆ. ನಿರ್ದಿಷ್ಟ ಅಗಲದ ಚಾನೆಲ್ಲಿನಲ್ಲಿ, ನಿರ್ದಿಷ್ಟ ಗದ್ದಲದ ನಡುವೆ, ಎಷ್ಟು ಮಾಹಿತಿಯನ್ನು ದೋಷವಿಲ್ಲದೆ ಸಾಗಿಸಬಹುದು ಎಂಬುದಕ್ಕೆ ಕ್ಲಾಡ್ ಶ್ಯಾನನ್ 1948ರಲ್ಲಿ ತೋರಿಸಿಕೊಟ್ಟ ಒಂದು ಮೇಲ್ಮಿತಿ ಇದೆಯಷ್ಟೆ. ಡಿವಿಬಿ-ಟಿ2 ಆ ಮಿತಿಯ ಸಮೀಪದಲ್ಲೇ ಇರುವುದರಿಂದ, ಅದರ ಮುಂದೆ ಬರುವ ಯಾವ ಮಾನದಂಡವೂ ಸ್ಥಿರ ಆಂಟೆನಾದ ಗ್ರಹಣದಲ್ಲಿ ಸುಮಾರು ಒಂದು ಡೆಸಿಬೆಲ್ (ಅಲೆಯ ಬಲವನ್ನು ಹೋಲಿಸುವ ಅಳತೆ) ಆಸುಪಾಸಿನ ಲಾಭವನ್ನಷ್ಟೇ ಕೊಡಬಲ್ಲದು. ಮಾಳಿಗೆಯ ಮೇಲಿನ ಆಂಟೆನಾವನ್ನು ಇನ್ನೊಂದಾಳು ಎತ್ತರಿಸಿದರೆ ಬಹುತೇಕ ಕಡೆ ಅದಕ್ಕಿಂತ ಹೆಚ್ಚು ಸಿಗುತ್ತದೆ.

ಚಿತ್ರದ ಗುಣಮಟ್ಟಕ್ಕೂ ಪ್ರಸಾರ ಮಾನದಂಡಕ್ಕೂ ಗಂಟು ಹಾಕಬಾರದು. ಕಡಿಮೆ ಬಿಟ್‌ಗಳಲ್ಲಿ ಒಳ್ಳೆಯ ಚಿತ್ರ ಕೊಡುವುದು ಎಚ್‌ಇವಿಸಿ ಎಂಬ ಸಂಕೋಚನ ವಿಧಾನ, ಮತ್ತು ಅದನ್ನು ಡಿವಿಬಿ-ಟಿ2ರ ಮೇಲೆಯೇ ಕಳುಹಿಸಬಹುದು. ಜರ್ಮನಿ 2017ರ ಮಾರ್ಚ್‌ನಿಂದ ಹಾಗೆಯೇ ಮಾಡುತ್ತಿದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಇದೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. 150 ಮೀಟರ್ ಎತ್ತರದ ಟವರ್ ಮತ್ತು 10 ಮೀಟರ್ ಎತ್ತರದ ಮನೆಯ ಆಂಟೆನಾ ಎಂದು ಇಟ್ಟುಕೊಂಡರೆ, ನೆಲ ಸಮತಟ್ಟಾಗಿದ್ದರೂ ಅಲೆಗಳ ದಿಗಂತ ಸುಮಾರು 63 ಕಿಲೋಮೀಟರಿಗೆ ಮುಗಿಯುತ್ತದೆ. ಬೆಂಗಳೂರಿನಿಂದ ನೇರ ಗೆರೆಯಲ್ಲಿ ಚಿಕ್ಕಬಳ್ಳಾಪುರ 54, ಕೋಲಾರ 61, ತುಮಕೂರು 67 ಕಿಲೋಮೀಟರ್ ಸುಮಾರಿಗೆ ಬರುತ್ತವೆ, ಮಧುಗಿರಿ 87. ಅಂದರೆ ಮೂರೂ ಜಿಲ್ಲಾ ಕೇಂದ್ರಗಳು ಅಂಚಿನಲ್ಲಿವೆ, ನಿಮ್ಮ ಊರು ಅಂಚಿನ ಆಚೆಗಿದೆ. ನಂದಿ ಬೆಟ್ಟಸಾಲಿನ ಹಿಂದಿರುವ ಗೌರಿಬಿದನೂರಿನ ಪರಿಸ್ಥಿತಿ ಇನ್ನೂ ಕಷ್ಟ. ಯಾವ ಮಾನದಂಡವೂ ಭೂಮಿಯ ಬಾಗನ್ನು ತಿದ್ದಲಾರದು. ಬೇಕಾಗಿರುವುದು ಈ ಜಿಲ್ಲೆಗಳಲ್ಲೇ ನಿಲ್ಲುವ ಟ್ರಾನ್ಸ್‌ಮಿಟರ್‌ಗಳು.

ಅಲ್ಲಿ ಡಿವಿಬಿ-ಟಿ2 ನಮಗೆ ಹೇಳಿ ಮಾಡಿಸಿದಂತಿದೆ ಎಂಬುದನ್ನು ಗಮನಿಸಿ. ಅನಲಾಗ್ ಕಾಲದಲ್ಲಿ ಅಕ್ಕಪಕ್ಕದ ಎರಡು ಕೇಂದ್ರಗಳು ಒಂದೇ ಕಂಪನಾಂಕದಲ್ಲಿ ಪ್ರಸಾರ ಮಾಡುವಂತಿರಲಿಲ್ಲ, ಒಂದರ ಚಿತ್ರದ ಮೇಲೆ ಇನ್ನೊಂದರ ನೆರಳು ಬೀಳುತ್ತಿತ್ತು. ಈಗಿನ ಪದ್ಧತಿಯಲ್ಲಿ ಒಂದು ಸಲಕ್ಕೆ ಕಳುಹಿಸುವ ಪ್ರತಿ ಮಾಹಿತಿ ತುಂಡಿನ ಮುಂದೆ ಒಂದು ಕಾವಲು ಅವಧಿಯನ್ನು ಬಿಡುತ್ತಾರೆ. ಎರಡನೆಯ ಕೇಂದ್ರದ ಅಲೆ ಆ ಅವಧಿಯೊಳಗೆ ಬಂದು ಸೇರಿದರೆ ಅದು ಅಡ್ಡಿಯಾಗುವ ಬದಲು ಬಲವಾಗುತ್ತದೆ. ಹಳೆಯ ಡಿವಿಬಿ-ಟಿಯಲ್ಲಿ ಈ ಅವಧಿ ಗರಿಷ್ಠ 224 ಮೈಕ್ರೋಸೆಕೆಂಡ್, ಅಂದರೆ ಅಲೆ 67 ಕಿಲೋಮೀಟರ್ ಸಾಗುವಷ್ಟು ಹೊತ್ತು. ಟಿ2ರಲ್ಲಿ ಅದು 532 ಮೈಕ್ರೋಸೆಕೆಂಡ್, ಸುಮಾರು 160 ಕಿಲೋಮೀಟರ್. ತುಮಕೂರಿಗೂ ಕೋಲಾರಕ್ಕೂ ನಡುವಿನ ನೇರ ದೂರ ಸುಮಾರು 115 ಕಿಲೋಮೀಟರ್ ಇರುವುದರಿಂದ, ಬೆಂಗಳೂರು, ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ನಾಲ್ಕೂ ಕಡೆ ಒಂದೇ ಕಂಪನಾಂಕದಲ್ಲಿ, ಒಂದೇ ಗಡಿಯಾರಕ್ಕೆ ಹೊಂದಿಸಿಕೊಂಡು, ಒಂದೇ ಕಾರ್ಯಕ್ರಮಗುಚ್ಛವನ್ನು ಪ್ರಸಾರ ಮಾಡಬಹುದು. ನಾಲ್ಕು ಕೇಂದ್ರಗಳಿಗೆ 8 ಮೆಗಾಹರ್ಟ್ಜ್ ತರಂಗಗುಚ್ಛ ಸಾಕು. ಇರುವ ಮಾನದಂಡದ ಇಷ್ಟು ದೊಡ್ಡ ಅನುಕೂಲವನ್ನು ಬಳಸಿಕೊಳ್ಳದೆ ಮುಂದಿನದರ ಹಿಂದೆ ಹೋಗುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮವಲ್ಲ.

ಉತ್ತರ 2: ಟಿವಿ ಮಾರಾಟ ಮತ್ತು ದುರಸ್ತಿ, ಕೋಲಾರ

ತುಮಕೂರಿನ ಹಿರಿಯರು ಟ್ರಾನ್ಸ್‌ಮಿಟರ್ ಕಡೆಯಿಂದ ಹೇಳಿದ್ದಾರೆ, ನಾನು ಅಂಗಡಿಯ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ.

ನಮ್ಮ ಅಂಗಡಿಗೆ ಬರುವವರಲ್ಲಿ ‘ಆಂಟೆನಾಗೆ ಡಿಜಿಟಲ್ ಬರುತ್ತದೆಯೇ’ ಎಂದು ಕೇಳುವವರು ಅಪರೂಪ. ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಹಳ್ಳಿಗಳವರು ತಿಂಗಳ ಬಾಡಿಗೆ ಬೇಡವೆಂದರೆ ಡಿಡಿ ಫ್ರೀ ಡಿಶ್ ಕೇಳುತ್ತಾರೆ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಈ ಸೇವೆಗೆ ಒಂದು ತಟ್ಟೆ, ಒಂದು ಬಾಕ್ಸ್, ಒಂದು ಸಲದ ಖರ್ಚು. ಉಪಗ್ರಹಕ್ಕೆ ನಂದಿ ಬೆಟ್ಟವೂ ಅಂತರಗಂಗೆಯೂ ಅಡ್ಡ ಬರುವುದಿಲ್ಲ. ಜೋರು ಮಳೆಯಲ್ಲಿ ಸ್ವಲ್ಪ ಹೊತ್ತು ಚಿತ್ರ ನಿಂತರೆ ಜನ ಅದನ್ನು ದೊಡ್ಡದು ಮಾಡುವುದೂ ಇಲ್ಲ. ಟಿವಿಯೊಳಗೇ ಉಪಗ್ರಹ ಟ್ಯೂನರ್ ಇರಬೇಕಾದರೆ ಅದು ಹೇಗಿರಬೇಕೆಂದು ಭಾರತೀಯ ಮಾನಕ ಬ್ಯೂರೋ ಐಎಸ್ 18112 ಎಂಬ ಮಾನದಂಡವನ್ನೂ ಪ್ರಕಟಿಸಿದೆ. ಭೂತಲ ಪ್ರಸಾರದ ಟ್ಯೂನರ್ ಮಾತ್ರ ಕಂಪನಿಗಳ ಇಷ್ಟಕ್ಕೆ ಬಿಟ್ಟ ವಿಷಯವಾಗಿ ಉಳಿದಿದೆ. ಕೆಲವು ಮಾದರಿಗಳಲ್ಲಿ ಡಿವಿಬಿ-ಟಿ2 ಇರುತ್ತದೆ, ಅದೇ ಕಂಪನಿಯ ಪಕ್ಕದ ಮಾದರಿಯಲ್ಲಿ ಇರುವುದಿಲ್ಲ, ಮಾರುವವರಿಗೂ ವ್ಯತ್ಯಾಸ ತಿಳಿದಿರುವುದಿಲ್ಲ. ಇಂಥ ಸ್ಥಿತಿಯಲ್ಲಿ ಮಾನದಂಡದ ಹೆಸರು ಬದಲಾದರೆ ಇರುವ ಸ್ವಲ್ಪ ಟ್ಯೂನರ್‌ಗಳೂ ವ್ಯರ್ಥವಾಗುತ್ತವೆ, ಏಕೆಂದರೆ ಎಟಿಎಸ್‌ಸಿ 3.0 ಸಂಕೇತವನ್ನು ಡಿವಿಬಿ-ಟಿ2 ಟ್ಯೂನರ್ ಗುರುತಿಸಲಾರದು.

ಹೊಸದರಲ್ಲಿ ಇನ್ನೊಂದು ಆತಂಕವೂ ಇದೆ. ಅಮೆರಿಕದಲ್ಲಿ ಎಟಿಎಸ್‌ಸಿ 3.0ರ ಅನೇಕ ಕೇಂದ್ರಗಳು ತಮ್ಮ ಪ್ರಸಾರಕ್ಕೆ ಗೂಢಲಿಪಿಯ ಬೀಗ ಹಾಕಿವೆ. ಒಪ್ಪಿಗೆ ಪಡೆದ ಉಪಕರಣವಿಲ್ಲದಿದ್ದರೆ ಗಾಳಿಯಲ್ಲಿ ಉಚಿತವಾಗಿ ಬರುವುದನ್ನೂ ನೋಡಲಾಗುವುದಿಲ್ಲವೆಂದು ಅಲ್ಲಿನ ವೀಕ್ಷಕರು ದೂರುತ್ತಿದ್ದಾರೆ. ಪೇಟೆಂಟ್ ವ್ಯಾಜ್ಯದ ಕಾರಣ ಎಲ್‌ಜಿ ಕಂಪನಿ 2024ರ ಮಾದರಿಗಳಿಂದ ಆ ಟ್ಯೂನರನ್ನೇ ಕೈಬಿಡುವುದಾಗಿ ಪ್ರಕಟಿಸಿತ್ತು. ಬೀಗ ಹಾಕಬಹುದಾದ ವ್ಯವಸ್ಥೆಯನ್ನು ತಂದ ಮೇಲೆ ಯಾರೂ ಹಾಕುವುದಿಲ್ಲವೆಂದು ನಂಬುವಷ್ಟು ಸರಳ ವ್ಯಾಪಾರಿ ನಾನಲ್ಲ.

ಕೊನೆಗೆ, ಭೂತಲ ಪ್ರಸಾರಕ್ಕೆ ಕಾನೂನಿನಲ್ಲಿ ಒಂದು ವಿಶೇಷ ಸ್ಥಾನವಿದೆ. ದೇಶಕ್ಕೆ ಮಹತ್ವದ್ದೆಂದು ಗುರುತಿಸಿದ ಕ್ರಿಕೆಟ್ ಮುಂತಾದ ಪಂದ್ಯಗಳ ಸಂಕೇತವನ್ನು 2007ರ ಕಾಯ್ದೆಯಂತೆ ಖಾಸಗಿ ವಾಹಿನಿಗಳು ಪ್ರಸಾರ ಭಾರತಿಗೆ ಕೊಡಬೇಕು. ಆದರೆ ಅದನ್ನು ದೂರದರ್ಶನದ ಭೂತಲ ಪ್ರಸಾರದಲ್ಲಿ ಮತ್ತು ಅದರದೇ ಡಿಟಿಎಚ್‌ನಲ್ಲಿ ಮಾತ್ರ ತೋರಿಸಬಹುದು, ಖಾಸಗಿ ಕೇಬಲ್ ಮೂಲಕ ಹಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ಎತ್ತಿಹಿಡಿಯಿತು. ಟವರ್‌ನಿಂದ ಬರುವ ಪ್ರಸಾರ ನಮ್ಮ ಜಿಲ್ಲೆಯಲ್ಲಿ ಚೆನ್ನಾಗಿ ಸಿಗುವಂತಾದರೆ, ಈ ಒಂದು ಕಾರಣಕ್ಕೇ ಆಂಟೆನಾಗಳು ಮತ್ತೆ ಮಾರಾಟವಾಗುತ್ತವೆ ಎಂಬುದು ನನ್ನ ಅಂದಾಜು.

ಉತ್ತರ 3: ಎಲೆಕ್ಟ್ರಾನಿಕ್ಸ್ ಉಪನ್ಯಾಸಕಿ, ಚಿಕ್ಕಬಳ್ಳಾಪುರ

ಮೇಲಿನ ಇಬ್ಬರೂ ಮನೆಯ ಟಿವಿಯನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದ್ದಾರೆ. ಹೊಸ ಮಾನದಂಡದ ಪರವಾದ ವಾದ ನಿಂತಿರುವುದೇ ಕೈಯಲ್ಲಿರುವ ಫೋನಿನ ಮೇಲೆ. ಅದನ್ನು ಸರಿಯಾಗಿ ಮಂಡಿಸದೆ ತಳ್ಳಿಹಾಕುವುದು ನ್ಯಾಯವಲ್ಲ.

ತುಮಕೂರಿನ ಸರ್ ಹೇಳಿದ 160 ಕಿಲೋಮೀಟರಿನ ಅನುಕೂಲ ಸಿಗುವುದು ಟಿ2ರ ಅತಿ ದೊಡ್ಡ, ಅಂದರೆ ಅತಿ ಹೆಚ್ಚು ಉಪವಾಹಕಗಳಿರುವ, ‘32ಕೆ’ ಎಂದು ಕರೆಯುವ ವಿನ್ಯಾಸದಲ್ಲಿ. ಅಲ್ಲಿ ಉಪವಾಹಕಗಳ ನಡುವಿನ ಅಂತರ ಕೇವಲ 279 ಹರ್ಟ್ಜ್. ಬಾಗೇಪಲ್ಲಿ ಕಡೆಗೆ ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವ ಬಸ್ಸಿನೊಳಗೆ, 550 ಮೆಗಾಹರ್ಟ್ಜ್ ಸಂಕೇತ ಡಾಪ್ಲರ್ ಪರಿಣಾಮದಿಂದ (ಚಲನೆಯಿಂದ ಕಂಪನಾಂಕ ಬದಲಾಗುವುದರಿಂದ) ಸುಮಾರು 51 ಹರ್ಟ್ಜ್‌ನಷ್ಟು ಜರುಗುತ್ತದೆ. ಅಂತರದ ಐದನೆಯ ಒಂದು ಭಾಗಕ್ಕೆ ಹತ್ತಿರವಾದ ಈ ಜರುಗುವಿಕೆಯಲ್ಲಿ ಉಪವಾಹಕಗಳು ಒಂದರೊಳಗೊಂದು ಸೋರಿಕೊಂಡು ಗ್ರಹಣ ಕೆಡುತ್ತದೆ. ಸಣ್ಣ ‘8ಕೆ’ ವಿನ್ಯಾಸಕ್ಕೆ ಇಳಿದರೆ ಅಂತರ 1116 ಹರ್ಟ್ಜ್ ಆಗಿ ಬಸ್ಸಿನಲ್ಲೂ ಚಿತ್ರ ನಿಲ್ಲುತ್ತದೆ, ಆದರೆ ಕಾವಲು ಅವಧಿಯೂ ಕುಗ್ಗಿ ತುಮಕೂರು ಮತ್ತು ಕೋಲಾರವನ್ನು ಒಂದೇ ಕಂಪನಾಂಕದಲ್ಲಿ ಇಡುವುದು ಕಷ್ಟವಾಗುತ್ತದೆ. ಸ್ಥಿರ ಟಿವಿಗೂ ಚಲಿಸುವ ಫೋನಿಗೂ ಒಂದೇ ಅಳತೆ ಒಗ್ಗುವುದಿಲ್ಲ ಎಂಬುದು ಇಲ್ಲಿನ ತೊಡಕು. ಎಟಿಎಸ್‌ಸಿ 3.0 ಒಂದೇ ಚಾನೆಲ್ಲಿನ ಒಂದೇ ಚೌಕಟ್ಟಿನಲ್ಲಿ ಬೇರೆಬೇರೆ ವಿನ್ಯಾಸದ ಉಪಚೌಕಟ್ಟುಗಳನ್ನು ಜೋಡಿಸಲು ಅವಕಾಶ ಕೊಡುತ್ತದೆ. ಗಟ್ಟಿಯಾದ ಮೊಬೈಲ್ ಸಂಕೇತದ ಕೆಳಗೆ, ಅದೇ ಕಂಪನಾಂಕದಲ್ಲಿ, ಟಿವಿಯ ಸಂಕೇತವನ್ನು ಕಡಿಮೆ ಬಲದಲ್ಲಿ ಪದರವಾಗಿ ಹಾಸುವ ತಂತ್ರವೂ ಅದರಲ್ಲಿದೆ. ವಿಪತ್ತಿನ ಸಮಯದಲ್ಲಿ ನಿದ್ರಿಸುತ್ತಿರುವ ಉಪಕರಣವನ್ನು ಎಬ್ಬಿಸುವ ಸೂಚನೆಯನ್ನು ಸಂಕೇತದ ಆರಂಭದಲ್ಲೇ ಇಟ್ಟಿದ್ದಾರೆ.

ಇದರಲ್ಲಿ ಕರ್ನಾಟಕದ ಪಾಲೂ ಇದೆ. ಐಐಟಿ ಕಾನ್ಪುರದ ಜೊತೆ ಡಿ2ಎಂ ಪ್ರಯೋಗದಲ್ಲಿ ತೊಡಗಿರುವ ಸಾಂಖ್ಯ ಲ್ಯಾಬ್ಸ್ ಬೆಂಗಳೂರಿನ ಕಂಪನಿ, ಈಗ ತೇಜಸ್ ನೆಟ್‌ವರ್ಕ್ಸ್‌ನ ಭಾಗ. ಗ್ರಹಣದ ಚಿಪ್ಪನ್ನು ಇಲ್ಲಿಯೇ ವಿನ್ಯಾಸ ಮಾಡಿದ್ದಾರೆ. ಲಕ್ಷಾಂತರ ಜನ ಒಂದೇ ಪಂದ್ಯವನ್ನು ಒಂದೇ ಹೊತ್ತಿಗೆ ನೋಡುವಾಗ, ಅದನ್ನು ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಇಂಟರ್ನೆಟ್ಟಿನಲ್ಲಿ ಕಳುಹಿಸುವುದಕ್ಕಿಂತ ಒಂದು ಸಲ ಪ್ರಸಾರ ಮಾಡುವುದು ಎಷ್ಟು ಮಿತವ್ಯಯದ ದಾರಿ ಎಂದು ವಿವರಿಸಬೇಕಾಗಿಲ್ಲ. ಮೊಬೈಲ್ ಸೇವಾ ಕಂಪನಿಗಳ ಸಂಘ ಇದನ್ನು ವಿರೋಧಿಸುತ್ತಿರುವುದೂ ಅದಕ್ಕೇ ಇರಬಹುದು.

ಉತ್ತರ 4: ನಿವೃತ್ತ ಪ್ರಸಾರ ತಂತ್ರಜ್ಞ, ತುಮಕೂರು

ಮೇಡಂ ಅವರ ಲೆಕ್ಕ ಸರಿಯಾಗಿದೆ, ಮತ್ತು ಚಲಿಸುವ ಗ್ರಹಣದ ವಿಷಯವನ್ನು ಅವರು ಎತ್ತಿದ್ದು ಚರ್ಚೆಗೆ ಬೇಕಾಗಿತ್ತು. ಆದರೆ ಅದೇ ತೊಡಕಿಗೆ ಡಿವಿಬಿ-ಟಿ2ರೊಳಗೂ ಪರಿಹಾರ ಇದೆ. 2011ರಲ್ಲಿ ಸೇರಿಸಿದ ಟಿ2-ಲೈಟ್ ಎಂಬ ಕಿರುರೂಪವನ್ನು, ಮುಖ್ಯ ಪ್ರಸಾರದ ಚೌಕಟ್ಟುಗಳ ನಡುವೆ ಮುಂದಿನ ಬಳಕೆಗೆಂದು ಬಿಟ್ಟಿರುವ ಜಾಗದಲ್ಲಿ, ಬೇರೆ ವಿನ್ಯಾಸದಲ್ಲಿ ತುಂಬಬಹುದು. ಪದರ ಹಾಸುವ ತಂತ್ರ ಅದರಲ್ಲಿಲ್ಲ, ಅಷ್ಟು ಮಟ್ಟಿಗೆ ಎಟಿಎಸ್‌ಸಿ 3.0 ಮುಂದಿದೆ ಎಂದು ಒಪ್ಪುತ್ತೇನೆ.

ನನ್ನ ಸಂಶಯ ಫೋನಿನ ಬಗ್ಗೆ. ಮೊಬೈಲ್ ಟಿವಿ ಎಡವಿದ್ದೆಲ್ಲ ಪ್ರಸಾರದ ಗಣಿತದಲ್ಲಲ್ಲ, ಫೋನಿನೊಳಗೆ ಚಿಪ್ಪು ಹಾಕುವವರ ನಿರ್ಧಾರದಲ್ಲಿ. ಜಪಾನ್ ತನ್ನ ಡಿಜಿಟಲ್ ಟಿವಿ ಮಾನದಂಡವಾದ ಐಎಸ್‌ಡಿಬಿ-ಟಿಯಲ್ಲಿ ಪ್ರತಿ ಚಾನೆಲ್ಲಿನ ಹದಿಮೂರು ತುಂಡುಗಳಲ್ಲಿ ಒಂದನ್ನು ಫೋನಿಗೆಂದೇ ಮೀಸಲಿಟ್ಟು 2006ರಲ್ಲಿ ‘ವನ್‌ಸೆಗ್’ ಆರಂಭಿಸಿತು. ದೇಶೀ ಫೋನುಗಳ ಕಾಲದಲ್ಲಿ ಅದು ಮನೆಮಾತಾಯಿತು. ಐಫೋನ್ ಬಂದಾಗ ಅದರಲ್ಲಿ ಆ ಟ್ಯೂನರ್ ಇರಲಿಲ್ಲ. ಅಮೆರಿಕದ ಮೊಬೈಲ್ ಟಿವಿ ಸೇವೆ ಮೀಡಿಯಾಫ್ಲೋ 2011ರಲ್ಲಿ ಮುಚ್ಚಿತು. ಜೊತೆಗೆ 500 ಮೆಗಾಹರ್ಟ್ಜ್ ಅಲೆಯ ಉದ್ದ 60 ಸೆಂಟಿಮೀಟರ್. ಒಳ್ಳೆಯ ಗ್ರಹಣಕ್ಕೆ ಆಂಟೆನಾ ಅದರ ಕಾಲು ಭಾಗದಷ್ಟಾದರೂ ಉದ್ದವಿರಬೇಕು, ಅದೇ 15 ಸೆಂಟಿಮೀಟರ್ ಆಗುವುದರಿಂದ ಫೋನಿನೊಳಗೆ ಅಡಗಿಸಿದ ಆಂಟೆನಾ ದುರ್ಬಲವಾಗಿಯೇ ಇರುತ್ತದೆ, ಅದನ್ನು ತುಂಬಿಕೊಡಲು ಮಾಳಿಗೆಯ ಆಂಟೆನಾಗೆ ಬೇಕಾಗುವುದಕ್ಕಿಂತ ಎಷ್ಟೋ ಹೆಚ್ಚು ಟ್ರಾನ್ಸ್‌ಮಿಟರ್‌ಗಳನ್ನು ಒತ್ತೊತ್ತಾಗಿ ನಿಲ್ಲಿಸಬೇಕು. ಬೆಂಗಳೂರಿನಲ್ಲಿ ಅದು ಸಾಧ್ಯವಾದೀತು. ಪಾವಗಡದಲ್ಲಿ ಯಾರು ನಿಲ್ಲಿಸುತ್ತಾರೆ? ಒಂದು ಕಾಲದಲ್ಲಿ ದೂರದರ್ಶನಕ್ಕೆ ದೇಶದಾದ್ಯಂತ 1400 ಟ್ರಾನ್ಸ್‌ಮಿಟರ್‌ಗಳಿದ್ದವು, ಅವುಗಳಲ್ಲಿ ಬಹುಪಾಲು ತಾಲ್ಲೂಕು ಮಟ್ಟದ 100 ಅಥವಾ 500 ವಾಟ್‌ನ ಸಣ್ಣ ಕೇಂದ್ರಗಳು. ಅವುಗಳನ್ನು ಡಿಜಿಟಲ್ ಮಾಡುವ ಖರ್ಚಿಗೇ ಹಿಂಜರಿದವರು ಅದಕ್ಕಿಂತ ದಟ್ಟವಾದ ಜಾಲವನ್ನು ಕಟ್ಟುತ್ತಾರೆಂದು ನನಗೆ ತೋರುವುದಿಲ್ಲ.

ಉತ್ತರ 5: ಬಾಗೇಪಲ್ಲಿಯ ವೀಕ್ಷಕ

ತಾಂತ್ರಿಕ ವಿಷಯ ನನಗೆ ಪೂರ್ತಿ ದಕ್ಕಲಿಲ್ಲ, ಆದರೂ ಒಂದು ಮಾತು. ನಮ್ಮ ಕಡೆ ಮನೆಗಳಲ್ಲಿ ಕನ್ನಡದಷ್ಟೇ ತೆಲುಗು ನಡೆಯುತ್ತದೆ, ಎರಡೂ ಉಪಗ್ರಹದಿಂದ ಸಿಗುತ್ತವೆ. ಟವರ್‌ನಿಂದ ಬರುವುದಕ್ಕೆ ಜನ ಆಂಟೆನಾ ಕಟ್ಟಬೇಕಾದರೆ ಅದರಲ್ಲಿ ಬೇರೆಲ್ಲೂ ಸಿಗದ್ದು ಏನಾದರೂ ಇರಬೇಕಲ್ಲವೇ? ಶಿಡ್ಲಘಟ್ಟದ ರೇಷ್ಮೆಗೂಡಿನ ಧಾರಣೆ, ಕೋಲಾರದ ಟೊಮೆಟೊ ಹರಾಜು, ನಮ್ಮ ಜಿಲ್ಲೆಯ ಸಭೆ ಸಮಾರಂಭ, ಇಂಥವನ್ನು ಜಿಲ್ಲೆಗೆಂದೇ ತೋರಿಸುವ ಒಂದು ಗಂಟೆ ಇದ್ದರೂ ಸಾಕು. 2016ರಲ್ಲಿ ಪ್ರಕಟಿಸಿದ ಡಿಜಿಟಲ್ ಗುಚ್ಛದಲ್ಲಿ ಡಿಡಿ ನ್ಯಾಷನಲ್, ನ್ಯೂಸ್, ಭಾರತಿ, ಸ್ಪೋರ್ಟ್ಸ್ ಮತ್ತು ಪ್ರಾದೇಶಿಕ ವಾಹಿನಿ ಇದ್ದವು. ಎಲ್ಲವೂ ತಟ್ಟೆಯಲ್ಲಿ ಸಿಗುವಂಥವೇ. ಖಾಸಗಿಯವರಿಗೂ ಭೂತಲ ಪ್ರಸಾರವನ್ನು ತೆರೆಯಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರ ಜನವರಿಯಲ್ಲಿ ಶಿಫಾರಸು ಮಾಡಿತ್ತು ಎಂದು ಓದಿದ ನೆನಪು. ಅದು ಆಗಿದ್ದರೆ ಇಂಥ ಸ್ಥಳೀಯ ವಾಹಿನಿಗೆ ದಾರಿಯಾಗುತ್ತಿತ್ತೇನೋ.

ಪ್ರತಿಕ್ರಿಯೆ: ಮಧುಗಿರಿಯ ಓದುಗ

ಎಲ್ಲರಿಗೂ ಧನ್ಯವಾದ. ತುಮಕೂರಿನ ಹಿರಿಯರಲ್ಲಿ ಇನ್ನೆರಡು ವಿಷಯ ಕೇಳುತ್ತೇನೆ. ತುಮಕೂರು ನಗರದ ಬದಲು ದೇವರಾಯನದುರ್ಗದಂಥ ಎತ್ತರದ ಜಾಗದಲ್ಲಿ ಟ್ರಾನ್ಸ್‌ಮಿಟರ್ ಇಟ್ಟರೆ ಮಧುಗಿರಿ, ಪಾವಗಡಗಳಿಗೆ ಸಿಗುತ್ತದೆಯೇ? ಟಿವಿಯ ವಿಷಯದಲ್ಲಿ ನಿಮ್ಮ ಸಲಹೆ ಏನು?

ಉತ್ತರ 6: ನಿವೃತ್ತ ಪ್ರಸಾರ ತಂತ್ರಜ್ಞ, ತುಮಕೂರು

ದೇವರಾಯನದುರ್ಗ ಸುತ್ತಲಿನ ಬಯಲಿಗಿಂತ ಸುಮಾರು 400 ಮೀಟರ್ ಎತ್ತರದಲ್ಲಿದೆ ಎಂದು ಹಿಡಿದರೆ ಅಲೆಗಳ ದಿಗಂತ 80 ಕಿಲೋಮೀಟರ್ ದಾಟುತ್ತದೆ. ಮಧುಗಿರಿ ಅಲ್ಲಿಂದ ನೇರವಾಗಿ 32 ಕಿಲೋಮೀಟರ್ ಆಸುಪಾಸು. ನಿಮ್ಮ ಮನೆ ಏಕಶಿಲಾ ಬೆಟ್ಟದ ನೆರಳಿನಲ್ಲಿ ಇಲ್ಲದಿದ್ದರೆ ಮಾಳಿಗೆಯ ಮೇಲೆ ಹಾಕುವ, ಸಾಲು ಕಡ್ಡಿಗಳ ಸಾಮಾನ್ಯ ‘ಯಾಗಿ’ ಆಂಟೆನಾದಲ್ಲೇ ಸಿಗಬೇಕು. ಪಾವಗಡ ಸರಿಸುಮಾರು ದಿಗಂತದ ಗೆರೆಯ ಮೇಲೆಯೇ ಬರುವುದರಿಂದ, ನಡುವೆ ಗುಡ್ಡಗಳೂ ಇರುವುದರಿಂದ, ಅಲ್ಲಿಗೆ ಅದೇ ಕಂಪನಾಂಕದ ಒಂದು ಸಣ್ಣ ಪೂರಕ ಟ್ರಾನ್ಸ್‌ಮಿಟರ್ ಬೇಕಾಗುತ್ತದೆ. ದುರ್ಗ ಅರಣ್ಯ ಪ್ರದೇಶವಾದ್ದರಿಂದ ಅನುಮತಿಯ ಪ್ರಶ್ನೆ ಬೇರೆ ಇದೆ, ಅಲ್ಲಿನ ಕೋತಿಗಳು ಕೇಬಲ್ಲುಗಳನ್ನು ಏನು ಮಾಡುತ್ತವೆ ಎಂಬ ಪ್ರಶ್ನೆಯೂ ಚಿಕ್ಕದಲ್ಲ.

ಟಿವಿಗಾಗಿ ಕಾಯಬೇಡಿ. ವಿವರಪಟ್ಟಿಯಲ್ಲಿ ಡಿವಿಬಿ-ಟಿ2 ಮತ್ತು ಎಚ್‌ಇವಿಸಿ ಎರಡೂ ಇರುವ ಮಾದರಿ ಸಮಾನ ಬೆಲೆಗೆ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ, ಅದಕ್ಕೆಂದು ಹೆಚ್ಚಿನ ಹಣ ಕೊಡುವ ಅಗತ್ಯವಿಲ್ಲ. ಮುಂದೆ ಯಾವ ಮಾನದಂಡ ಬಂದರೂ ಎಚ್‌ಡಿಎಂಐ ರಂಧ್ರಕ್ಕೆ ಒಂದು ಬಾಕ್ಸ್ ಸಿಕ್ಕಿಸಿದರೆ ಆಯಿತು. ಸದ್ಯಕ್ಕೆ ಕೋಲಾರದವರು ಹೇಳಿದಂತೆ ಫ್ರೀ ಡಿಶ್ ಹಾಕಿಸಿಕೊಂಡು, ಮಾಳಿಗೆಯ ಹಳೆಯ ಆಂಟೆನಾ ಕಂಬ ಗಟ್ಟಿಯಾಗಿದ್ದರೆ ಅದನ್ನು ಕೀಳಿಸದೆ ಹಾಗೇ ಬಿಡಿ.